ಕೈ ಚಾಚದ ಚಂದ್ರಾಮ

ನಮ್ಮಜ್ಜಿ ಹಾಲವ್ವನಿಗೆ ಇದ್ದದ್ದು ಒಂದೇ ಜಂಬ. ಅವಳ ಹಿರಿಮಗ, ಅಂದರೆ ನಮ್ಮ ದೊಡ್ಡಪ್ಪ ಚಂದ್ರಾಮ, ಮಂದಿಯ ಮನೆಯಲ್ಲಿ ಯಾವುದಕ್ಕೂ ಕೈ ಚಾಚುತ್ತಿರಲಿಲ್ಲ.

ಚಂದ್ರಾಮನಿಗೆ ಮಾತು ಬರುತ್ತಿರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಅಜ್ಜ ರಾಮಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸ ಹುಡುಕಿಕೊಂಡು ಇಂಡಿ ಕಡೆಯಿಂದ ವಿಕ್ರೋಳಿಗೆ ಬಂದಾಗ ಅವನಿನ್ನೂ ಬಗಲಕೂಸು. ಗುಡ್ಡದ ಮೇಲೆ ಇವರ ಝೋಪಡಿ, ಕೆಳಗೆ ಕಂಪನಿ ಕಾಲೋನಿ. ಹಾಲವ್ವ ಅಲ್ಲಿನ ಬಿಲ್ಡಿಂಗ್‌ಗಳಿಗೆ ಭಾಂಡೆ ತಿಕ್ಕಲು ಹೋಗುವಾಗ ಮಗನನ್ನೂ ಕರೆದೊಯ್ಯುತ್ತಿದ್ದಳು. ಬಿಟ್ಟು ಹೋಗಲು ಮನೆಯಲ್ಲಿ ಯಾರಿದ್ದರು? ಒಂದು ದಿನ ಒಬ್ಬ ಸಾಹೇಬರ ಮನೆಯಲ್ಲಿ ಹುಡುಗ ಮೇಜಿನ ಮೇಲಿದ್ದ ಬಿಸ್ಕೀಟು ಎತ್ತಿ ಬಾಯಿಗಿಟ್ಟುಕೊಂಡ. ಮನೆಯಾಕೆ ಕಳ್ಳನ ಮಗ ಎಂದಳು. ಕೆಲಸ ಅವತ್ತೇ ಹೋಯಿತು.

ಅಂದಿನಿಂದ ಹಾಲವ್ವ ಮಗನಿಗೆ ಒಂದೇ ಪಾಠ ಕಲಿಸಿದಳು. ಹೊಡೆದು ಬಡಿದು ಅಲ್ಲ. ಅವನ ಎರಡೂ ಕೈ ಕಂಕುಳಲ್ಲಿ ಸೇರಿಸುವಳು. ಹಾಗೇ ಕುಳಿತರೆ ತಲೆ ಸವರಿ, ಜಾಣನೆಂದು ಹೊಗಳಿ, “ಶ್ಯಾಣ್ಯಾ ನನ್ನ ಮಗ” ಅನ್ನುವಳು. ವರ್ಷವೇ ಹಿಡಿಯಿತು. ಆಮೇಲೆ ಎದುರಿಗೆ ಜಿಲೇಬಿ ಇಟ್ಟರೂ ಚಂದ್ರಾಮ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾಯಿಯ ಕಡೆಗೆ ತಲೆ ಒಡ್ಡುತ್ತಿದ್ದ. ಮನೆಯಲ್ಲೂ ಅವಳೇ ರೊಟ್ಟಿ ಮುರಿದು ಬಾಯಿಗಿಡಬೇಕು.

1974ರಲ್ಲಿ ಪಕ್ಕದ ಝೋಪಡಿಯ ಸುಗರಾ ಒಂದು ಸುದ್ದಿ ತಂದಳು. ಪರೇಲ್‌ನಲ್ಲಿ ಹೊಸದಾಗಿ ತೆರೆದಿದ್ದ ಒಂದು ಪುಟ್ಟ ಶಾಲೆಯಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತ್ತು.

“ಅರೇ ಹಾಲವ್ವಾ, ನಮ್ಮ ಸಾಳ್ಯಾಗ ಮಾತ ಬರಲಾರದ ಹುಡುಗ್ರನ್ನ ತಗೋತಾರ. ಒಂದ ಜಾಗಾ ಖಾಲಿ ಅದ. ಹತ್ತರ ಒಳಗ ಇರಬೇಕು ಅಷ್ಟ.”

“ಇವಗ ಬರೂ ಶ್ರಾವಣಕ್ಕ ಹತ್ತ ತುಂಬ್ತಾವಲ್ಲಬೇ! ಖರೇ ಕಲಸ್ತಾರೇನ?”

“ಒಬ್ಬಾಕಿ ಪೋರಿ ನೀರ ಬೇಕಂದ್ರ ಈಗ ಲೋಟಾ ತೋರಸ್ತಾಳ. ನನ್ನ ಕಣ್ಣಿಲೆ ನೋಡೀನಿ, ಅಲ್ಲಾ ಕಸಮ್. ಮೊದಲ ಒಂದ ಪರೀಕ್ಷಾ ಇರ್ತದ.”

ನೀರು ಬೇಕೆಂದು ತೋರಿಸುವುದು! ಚಂದ್ರಾಮ ಬಾಯಾರಿದರೆ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದ. ಹೊಟ್ಟೆ ನೊಂದರೂ ಅದೇ. ತಾನು ಸತ್ತ ಮೇಲೆ ಇವನ ಹಸಿವು ಯಾರಿಗೆ ತಿಳಿಯಬೇಕು ಎಂಬುದೇ ಹಾಲವ್ವನ ಚಿಂತೆ. ಆ ಜಾಗ ಅವಳಿಗೆ ಬೇಕೇ ಬೇಕಿತ್ತು.

ಪರೀಕ್ಷೆಯ ದಿನ ಮಗನಿಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದು ಲೋಕಲ್ ಹತ್ತಿಸಿದಳು. ದಾರಿಯುದ್ದಕ್ಕೂ, “ದೊಡ್ಡಮಂದಿ ಜಾಗಾ ಅದು, ಏನೂ ಮುಟ್ಟಬ್ಯಾಡ” ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದಳು.

ಟೀಚರ್‌ಬಾಯಿ ಬೆಳಗಾವಿ ಕಡೆಯವರು, ಮೃದು ಮಾತಿನವರು. ಚಂದ್ರಾಮನೆದುರು ಬಗರಿ ಮತ್ತು ಗಂಟೆ ಇಟ್ಟರು. ಕಾದರು. ಆಮೇಲೆ ಪೆಪ್ಪರಮಿಂಟು ಮತ್ತು ಬಾಳೆಹಣ್ಣು. ಎಡಬಲ ಅದಲುಬದಲು ಮಾಡಿ ಮತ್ತೆ ಇಟ್ಟರು. ಯಾವುದಕ್ಕೆ ಕೈ ಹೋಗುತ್ತದೋ ಅದರ ಮುಂದೆ ಗೆರೆ ಎಳೆಯಲು ಕೈಯಲ್ಲಿ ಹಾಳೆ ಹಿಡಿದಿದ್ದರು. ಚಂದ್ರಾಮನ ಕೈ ಕಂಕುಳು ಬಿಟ್ಟು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಹಾಲವ್ವ ಹಿಗ್ಗಿಹೋದಳು.

“ನೋಡ್ರಿ ಬಾಯಾರ! ಒಂದಕ್ಕೂ ಕೈ ಹಚ್ಚೂದಿಲ್ರಿ ನನ್ನ ಮಗ.”

ಟೀಚರ್‌ಬಾಯಿ ಪೆನ್ನು ಕೆಳಗಿಟ್ಟರು. “ಹಾಲವ್ವಾ, ಅವ ಕೈ ಹಚ್ಚಬೇಕವಾ. ಅವಗ ಯಾವುದು ಭಾಳ ಸೇರ್ತದ ಅಂತ ನಂಗ ತಿಳೀಬೇಕು. ಅದನ್ನ ಕೊಟ್ಟಕೊಟ್ಟನ ಮುಂದಿಂದ ಕಲಸೂದು. ಹಾಳಿ ಮ್ಯಾಲ ಒಂದ ಗೆರಿನೂ ಬಿದ್ದಿಲ್ಲ. ಎಲ್ಲಿಂದ ಶುರು ಮಾಡ್ಲಿ ಹೇಳು?”

ಹಾಲವ್ವನ ಮುಖ ಇಳಿಯಿತು.

ಟೀಚರ್‌ಬಾಯಿ ಇನ್ನೊಂದು ಅವಕಾಶ ಕೊಟ್ಟರು. ಮನೆಯಲ್ಲಿ ದಿನಾ ಎರಡೆರಡು ಸಾಮಾನು ಎದುರಿಡಬೇಕು. ಕೈ ಚಾಚಿದಾಗೊಮ್ಮೆ ಡಬ್ಬಿಗೆ ಒಂದು ಹುಣಸೆಬೀಜ ಹಾಕಬೇಕು. ಹಾಲವ್ವನಿಗೆ ಅಕ್ಷರ ಬರದು. ಅವಳ ಹಾಳೆ ಅದೇ.

ಬೆಲ್ಲ ಇಟ್ಟಳು, ನೂಲಿನ ಖಾಲಿ ರೀಲು ಇಟ್ಟಳು. ತನ್ನ ಬಳೆ ಕಳಚಿ ಇಟ್ಟಳು. ಚಂದ್ರಾಮ ಕೈ ಸಿಕ್ಕಿಸಿಕೊಂಡು ತಲೆ ಒಡ್ಡಿದ. ಡಬ್ಬಿ ಖಾಲಿ.

ರಾಮಪ್ಪ ಅಂದ, “ಒಂದ ಮುಷ್ಟಿ ಬೀಜಾ ಹಾಕಿ ಒಯ್ಯ ಅತ್ತಾಗ. ಬಾಯಾರ ಇಲ್ಲಿಗಿ ಬಂದ ನೋಡ್ಯಾರೇನ?”

“ಸಾಳ್ಯಾಗ ಜಾಗಾ ಡಬ್ಬಿಗಿ ಬೇಕಾಗಿಲ್ಲ. ನನ್ನ ಮಗಗ ಬೇಕಾಗ್ಯಾದ.”

ಮುಂದಿನ ತಿಂಗಳು ಖಾಲಿ ಡಬ್ಬಿ ಹಿಡಿದುಕೊಂಡೇ ಹೋದಳು. ಈ ಸಲ ಟೀಚರ್‌ಬಾಯಿ ಅವಳನ್ನು ಮಗನ ಎದುರಿಗೇ ಕೂರಿಸಿದರು. ಮತ್ತೆ ಬಗರಿ, ಮತ್ತೆ ಬಾಳೆಹಣ್ಣು.

“ತಗೋ ಚಂದ್ರಾ, ತಗೋ ನಮ್ಮಪ್ಪಾ,” ಹಾಲವ್ವ ಅಂಗಲಾಚಿದಳು.

ಚಂದ್ರಾಮ ಹಣ್ಣು ನೋಡಲಿಲ್ಲ. ಕೈಗಳನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದ. ಕಾದ. ಅವಳ ಕೈ ಬರಲಿಲ್ಲ. ಇನ್ನೂ ಬಗ್ಗಿಸಿದ. ಆಗ ಅವಳಿಗೆ ತಿಳಿಯಿತು. ಇವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಮೇಜಿನ ಮೇಲೆ ಇಲ್ಲವೇ ಇಲ್ಲ. ಈಗ ತಲೆ ಸವರಿದರೆ ಅವನು ಕೈ ಹೊರಗೆ ತೆಗೆಯುವುದೇ ಇಲ್ಲ, ಜಾಗ ಹೋಗುತ್ತದೆ. ಸೆರಗಿನ ತುದಿ ಬಾಯಲ್ಲಿ ಕಚ್ಚಿ ತಡೆದಳು. ಚಂದ್ರಾಮ ಮೇಜಿಗೆ ಹಣೆ ಬಡಿದುಕೊಳ್ಳತೊಡಗಿದ. ಒಂದು ಸಲ, ಮತ್ತೊಂದು ಸಲ.

“ಶ್ಯಾಣ್ಯಾ,” ಅಂದುಬಿಟ್ಟಳು ಹಾಲವ್ವ, ಎರಡೂ ಕೈಯಿಂದ ಅವನ ತಲೆ ಹಿಡಿದು. “ಶ್ಯಾಣ್ಯಾ ನನ್ನ ಮಗ.”

ಅವನು ನಕ್ಕ. ಟೀಚರ್‌ಬಾಯಿ ಹಾಳೆಯ ಮೇಲೆ ಏನನ್ನೂ ಬರೆಯದೆ ಮಡಚಿಟ್ಟರು. ಆ ಜಾಗ ದಾದರ್ ಕಡೆಯ ಒಂದು ಹುಡುಗಿಗೆ ಹೋಯಿತು. ಶ್ರಾವಣವೂ ಬಂದು ಹೋಯಿತು.

ಅಲ್ಲಿಂದಾಚೆ ಕಂಕುಳಲ್ಲಿ ಕೈ ಇಟ್ಟರೆ ಅವಳು ಆ ಮಾತು ಆಡುವುದನ್ನೇ ಬಿಟ್ಟಳು. ಆ ಮಾತು ಸಿಗದಾಗೆಲ್ಲ ಅವನು ಹಣೆ ಬಡಿದುಕೊಳ್ಳಲು ಗೋಡೆಗೆ ಹೋಗುವನು. ಇವಳು ಓಡಿ ಅವನ ಹಣೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಡುವಳು. ಭಾಂಡೆ ತಿಕ್ಕಿ ಒರಟಾದ ಆ ಅಂಗೈ ಎಷ್ಟೋ ದಿನ ಬಾತುಕೊಂಡೇ ಇರುತ್ತಿತ್ತಂತೆ.

ವರ್ಷಗಳು ಕಳೆದವು. 1978ರ ಬೇಸಿಗೆಯಲ್ಲಿ, ಮೀಸೆ ಚಿಗುರಿದ್ದ ಚಂದ್ರಾಮ ತಾಯಿಯ ಜೊತೆ ವಿಕ್ರೋಳಿ ಸ್ಟೇಷನ್ನಿನ ಹೊರಗೆ ನಡೆಯುತ್ತಿದ್ದವನು ತಟ್ಟನೆ ನಿಂತ. ಕಂಕುಳಿಂದ ಒಂದು ಕೈ ಹೊರಬಂತು. ಹಣ್ಣಿನವನ ಬುಟ್ಟಿಯಿಂದ ಒಂದು ಚಿಕ್ಕು ಎತ್ತಿಕೊಂಡ.

“ಏ ಬಾಯಿ!” ಮಗನಿಗೆ ಕಳವು ಕಲಿಸುತ್ತೀಯಾ ಎಂದು ಹಣ್ಣಿನವ ಕೂಗಿದ. “ಚೋರಿ ಸಿಖಾತೀ ಹೈ ಕ್ಯಾ ಬೇಟೇ ಕೋ?”

ಮಂದಿ ನಿಂತು ನೋಡಿದರು. ಹಾಲವ್ವನಿಗೆ ಯಾರೂ ಕಾಣಲಿಲ್ಲ. ನಡುಬೀದಿಯಲ್ಲಿ, ತನಗಿಂತ ಎತ್ತರವಾಗಿದ್ದ ಮಗನ ತಲೆಯನ್ನು ಎಟಕಿಸಿ ಸವರಿದಳು. “ಶ್ಯಾಣ್ಯಾ, ಶ್ಯಾಣ್ಯಾ” ಎನ್ನುತ್ತ ಅಳುತ್ತಿದ್ದಳು. ಆಮೇಲೆ ಬೈಸಿಕೊಳ್ಳುತ್ತಲೇ ಇನ್ನೊಂದು ಚಿಕ್ಕು ಕೊಂಡಳು.

ಮನೆಗೆ ಬಂದು ಆ ಡಬ್ಬಿ ಹುಡುಕಿ, ಒಳಗೆ ಒಂದು ಹುಣಸೆಬೀಜ ಹಾಕಿದಳು.

“ಯಾರಿಗಿ ತೋರಸ್ತಿ ಈಗ?” ರಾಮಪ್ಪ ಮೆತ್ತಗೆ ಕೇಳಿದ.

ಹಾಲವ್ವ ಉಳಿದಿದ್ದ ಚಿಕ್ಕು ಮಗನೆದುರು ಇಟ್ಟು, ಕಾಯುತ್ತ ಕುಳಿತಳು.