ಮೂರನೇ ಲೈನಿನ ಕೈಮಾತು

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಧುಗಿರಿಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಅದನ್ನೇ ಹೇಳುತ್ತಾರೆ. ನಾವು ಹೊಲಿಯುವುದು ಮೊದಲ ಮಹಡಿಯಲ್ಲಿ. ಮೂರು ಲೈನು, ಒಂದೊಂದು ಲೈನಿಗೆ ನಲವತ್ತು ಮೆಷಿನ್ನು. ಎಲ್ಲವೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ಕೂತವಳ ಮಾತು ಕೂಡ ಕೇಳಿಸುವುದಿಲ್ಲ. ನಾನು ಮಾತ್ರ ಬೆಟ್ಟದ ಕಡೆಯ ಕಿಟಕಿಯ ಹತ್ತಿರ ನಿಂತು ಕೂಗಿದರೆ ಆ ತುದಿಯಲ್ಲಿ ಗುಂಡಿ ಹಾಕುವವಳು ತಲೆ ಎತ್ತುತ್ತಿದ್ದಳು. ನನ್ನನ್ನು ಟೈಲರ್ ಕೆಲಸದಿಂದ ಎಬ್ಬಿಸಿ ಮೂರನೇ ಲೈನಿಗೆ ಸೂಪರ್‌ವೈಸರ್ ಮಾಡಿದ್ದಕ್ಕೆ ನನ್ನ ಹೊಲಿಗೆ ಎಷ್ಟು ಕಾರಣವೋ ಗಂಟಲೂ ಅಷ್ಟೇ ಕಾರಣ.

ಅಂಥ ನನ್ನ ಲೈನಿಗೆ ಕಿವಿ ಕೇಳಿಸದ ಹುಡುಗಿಯೊಬ್ಬಳು ಬಂದಳು.

ಅವಳನ್ನು ಕರೆತಂದದ್ದು ಅವಳ ತಾಯಿ. ಪಾವಗಡದಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು. ಮಗಳು ಕೊಡಿಗೇನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಮ್ಮ ವ್ಯಾನಿನಲ್ಲಿ ಕೆಲಸಕ್ಕೆ ಬರುತ್ತಾಳೆ ಎಂದು ಎಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದರು. ಮ್ಯಾನೇಜರ್ ರೂಮಿನಲ್ಲಿ ಆ ತಾಯಿ ಚೀಲದಿಂದ ಒಂದು ರವಿಕೆ ತೆಗೆದು ನನ್ನ ಕೈಗಿಟ್ಟರು.

“ಮಾ ಅಮ್ಮಾಯಿಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ಚೇತುಲು, ಕೈ ಮಾತ್ರ ಬಂಗಾರ ತಲ್ಲೀ. ನೀವೇ ನೋಡ್ರಿ,” ಎಂದರು.

ಹೊಲಿಗೆಯವರು ಯಾರೂ ಬಟ್ಟೆಯನ್ನು ಹೊರಗಿನಿಂದ ನೋಡಿ ಮಾರ್ಕು ಕೊಡುವುದಿಲ್ಲ. ನಾನು ರವಿಕೆಯನ್ನು ಒಳಮೈ ಮಾಡಿ ನೋಡಿದೆ. ಒಂದು ದಾರ ಜೋತು ಬಿದ್ದಿರಲಿಲ್ಲ. ಕಂಕುಳಿನ ತಿರುವಿನಲ್ಲಿ ಕೂಡ ಹೊಲಿಗೆ ಗೆರೆ ಎಳೆದ ಹಾಗೆ ಹೋಗಿತ್ತು. ನಾನು ತಲೆ ಎತ್ತಿದಾಗ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ನನಗೆ ಹಿಡಿಸಿದೆ ಎಂದು ನಾನು ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು.

ನಮ್ಮ ಮ್ಯಾನೇಜರ್ ಕೊರಟಗೆರೆಯವರು. ಕೆಟ್ಟ ಮನುಷ್ಯರಲ್ಲ, ಆದರೆ ಸುರಕ್ಷತೆಯ ಆಡಿಟ್ ಎಂದರೆ ಅವರಿಗೆ ಜ್ವರ ಬರುತ್ತದೆ. “ಬೆಂಕಿ ಗಿಂಕಿ ಬಿದ್ದು ಸೈರನ್ ಹೊಡ್ಕೊಂಡ್ರೆ ಇವಳಿಗೆ ಹೆಂಗೆ ಗೊತ್ತಾಗುತ್ತೆ ಮೇಡಮ್? ನಾಳೆ ಯಾರು ಜವಾಬ್ದಾರಿ?” ಎಂದು ನನ್ನನ್ನು ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಇದೇ ಪ್ರಶ್ನೆ ಕೇಳಿ ಈಗಾಗಲೇ ಎರಡು ಕಡೆ ಹುಡುಗಿಯನ್ನು ವಾಪಸ್ ಕಳಿಸಿದ್ದರಂತೆ. “ಇಲ್ಲೂ ಬ್ಯಾಡ ಅಂದ್ರೆ ಇನ್ನ ಎಲ್ಲೂ ಕೇಳಲ್ಲಮ್ಮ, ಮನೇಲೇ ಇಟ್ಕೊಂತೀನಿ,” ಎಂದರು ತಾಯಿ. ಆ ಕೈ ಮನೆಯೊಳಗೆ ಸುಮ್ಮನೆ ಕೂರುವುದೇ ಎಂದು ನನಗೆ ಸಂಕಟವಾಯಿತು. ಜವಾಬ್ದಾರಿ ನನ್ನದು ಎಂದುಬಿಟ್ಟೆ.

ಮ್ಯಾನೇಜರ್ ಒಂದು ಷರತ್ತು ಹಾಕಿದರು. “ಮುಂದಿನ ಫೈರ್ ಡ್ರಿಲ್ ವರೆಗೂ ಇರಲಿ. ಯಾವತ್ತು ಅಂತ ನಾನು ಹೇಳಲ್ಲ. ಎಲ್ರ ಜೊತೆ ಇವಳೂ ಕೆಳಗಿಳಿದ್ರೆ ಕಾಯಂ ಮಾಡ್ತೀನಿ. ಮೇಲೇ ಉಳ್ಕಂಡ್ರೆ ಮತ್ತೆ ನನ್ನ ಕೇಳ್ಬೇಡಿ.”

ಅವತ್ತೇ ಅವಳಿಗೆ ಮಹಡಿಯ ಎರಡೂ ಮೆಟ್ಟಿಲುಗಳನ್ನು ತೋರಿಸಿದೆ, ಮುಂದಿನದು ಮತ್ತು ಟಾಯ್ಲೆಟ್ ಪಕ್ಕದ ಹಿಂದಿನದು. ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡೆ.

ಮೊದಲ ವಾರ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಒಂದು ಕಟ್ಟು ಕಾಲರನ್ನು ತಲೆಕೆಳಗಾಗಿ ಕೂಡಿಸಿದ್ದಳು. ನಾನು ಅವಳ ಹಿಂದೆ ನಿಂತು ಅಭ್ಯಾಸದಂತೆ ಕೂಗಿದೆ. ಇಡೀ ಮಹಡಿ ತಿರುಗಿ ನೋಡಿತು, ಅವಳೊಬ್ಬಳನ್ನು ಬಿಟ್ಟು. ಅವಳು ಹಾಯಾಗಿ ಮುಂದಿನ ಕಾಲರ್ ಹೊಲಿಯುತ್ತಿದ್ದಳು. ಎಲ್ಲರೂ ನಕ್ಕರು. “ಮೂಗಿಗೇನ್ ಗೊತ್ತಾಗುತ್ತೆ ಬುಡಿ ಮೇಡಮ್,” ಎಂದಳು ಹುಲಿಕುಂಟೆ ಕಡೆಯ ಒಬ್ಬಳು. ಮೂಗಿ ಎಂಬುದೇ ಲೈನಿನಲ್ಲಿ ಅವಳ ಹೆಸರಾಗಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಮ್ಮ ಲೈನಿನ ಕೊನೆಯಲ್ಲಿ ಬಟ್ಟೆ ಚೆಕ್ ಮಾಡುವಾಕೆ ಶಿರಾದ ಸಾಬರ ಹೆಂಗಸು, ನನಗಿಂತ ಹಿರಿಯಳು. ಅವಳ ಟೇಬಲ್ ನಮಗೆಲ್ಲ ಎದುರಾಗಿರುವುದರಿಂದ ಯಾರ ಮುಖದಲ್ಲಿ ಏನಿದೆ ಎಂಬುದು ಅವಳಿಗೆ ಮೊದಲು ಕಾಣುತ್ತದೆ. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತಳು.

“ಮೇಡಮ್, ಬೇಜಾರ್ ಮಾಡ್ಕಬೇಡಿ. ಆ ಬೇಟಿ ಎಲ್ರ ಬಾಯಿನೇ ನೋಡ್ತಾಳೆ. ಎದುರು ನಿಂತ್ಕಂಡು ಹೇಳಿದ್ರೆ ಅರ್ಧ ಸಮಜಾಯಿಸ್ಕತಾಳೆ. ನೀವು ಬೆನ್ನಿಗೆ ಬೈತೀರ.”

ನನಗೆ ಕೋಪ ಬಂತು. ಇಷ್ಟು ವರ್ಷದಲ್ಲಿ ನನಗೆ ಬುದ್ಧಿ ಹೇಳಿದವರು ಯಾರೂ ಇರಲಿಲ್ಲ, ಹೇಳಿದ್ದರೂ ನನ್ನ ಗಂಟಲಿನ ಮುಂದೆ ಕೇಳಿಸಿರಲಿಕ್ಕಿಲ್ಲ. ಮಾರನೆಯ ದಿನ ಎದ್ದು ಹೋಗಿ ಹುಡುಗಿಯ ಮೆಷಿನ್ನಿನ ಎದುರು ನಿಂತೆ. ಕಾಲರ್ ತೋರಿಸಿದೆ, ತಿರುಗಿಸಿದೆ, ಹಣೆಗೆ ಅಂಗೈ ಬಡಿದುಕೊಂಡೆ. ಅವಳು ಕಿಸಕ್ಕನೆ ನಕ್ಕು ತಾನೂ ಹಣೆಗೆ ಬಡಿದುಕೊಂಡಳು. ಆಮೇಲೆ ಅವಳ ಕೈಯಿಂದ ತಲೆಕೆಳಗಾದ ಕಾಲರ್ ಬರಲೇ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಸೂಜಿ ಮುರಿದರೆ ಬೆರಳು ಮಡಿಸುವುದು, ದಾರ ಮುಗಿದರೆ ಬೆರಳು ಸುತ್ತುವುದು, ಮ್ಯಾನೇಜರ್ ಬರುತ್ತಿದ್ದರೆ ಪ್ಯಾಂಟು ಮೇಲಕ್ಕೆಳೆದುಕೊಳ್ಳುವ ಹಾಗೆ ಸೊಂಟಕ್ಕೆ ಕೈ. ಕೆಲವನ್ನು ಅವಳು ಕಲಿಸಿದಳು, ಕೆಲವನ್ನು ನಾವೇ ಕಟ್ಟಿದೆವು. ಮೊದಮೊದಲು ಅವಳಿಗೋಸ್ಕರ ಕೈ ಆಡಿಸುತ್ತಿದ್ದವರು ಕ್ರಮೇಣ ತಮ್ಮತಮ್ಮಲ್ಲೇ ಕೈಯಲ್ಲಿ ಮಾತಾಡತೊಡಗಿದರು. ಆ ಗದ್ದಲದಲ್ಲಿ ಅದು ಎಲ್ಲರಿಗೂ ಸುಲಭವಾಗಿತ್ತು. ತಾವರೆಕೆರೆಯಿಂದ ಬರುವವಳು ಈ ತುದಿಯಿಂದ ಆ ತುದಿಗೆ ಮನೆಯ ಸಾರಿನ ಸುದ್ದಿಯನ್ನೂ ಹೇಳುತ್ತಿದ್ದಳು, ಗಲಾಟೆ ಮಾಡುತ್ತೀಯ ಎಂದು ಬೈಯೋಣವೆಂದರೆ ಸದ್ದೇ ಇರುತ್ತಿರಲಿಲ್ಲ. ಮೂಗಿ ಎಂಬ ಮಾತು ಯಾವಾಗ ನಿಂತಿತೋ ತಿಳಿಯದು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಒಂದು ದಿನ ಎರಡನೇ ಲೈನಿನವಳೊಬ್ಬಳು ಹಾಗೆ ಕರೆದಾಗ ಹುಲಿಕುಂಟೆಯವಳೇ ಎದ್ದು ನಿಂತಳು.

“ಲೇ, ನಿಮ್ಮ ಲೈನಲ್ಲಿ ಮಡಿಕೊಳ್ಳೇ ಆ ಮಾತ. ಇಲ್ಲಿ ನಡಿಯಾಕಿಲ್ಲ.”

ನನಗೂ ಒಂದು ಕೈಹೆಸರು ಇತ್ತು, ಐದೂ ಬೆರಳನ್ನು ಬಾಯಿಯ ಹತ್ತಿರ ತೆರೆದು ಮುಚ್ಚುವುದು. ಅದು ನಾನೇ ಎಂದು ಗೊತ್ತಾಗಲು ನನಗೆ ಹದಿನೈದು ದಿನ ಬೇಕಾಯಿತು. ಅರ್ಧ ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಸರಿ ಅನ್ನಿಸಿತು, ಇರುವುದನ್ನೇ ತಾನೇ ಹೇಳಿದ್ದಾರೆ.

ಡ್ರಿಲ್ಲಿಗೂ ಒಂದು ದಾರಿ ಮಾಡಿದ್ದೆ. ಸೈರನ್ ಆದ ತಕ್ಷಣ ಅವಳ ಹಿಂದಿನ ಮೆಷಿನ್ನಿನವಳು ಎರಡು ಸಲ ಭುಜ ತಟ್ಟಬೇಕು, ಕೈ ಹಿಡಿದು ಸಾಲಿಗೆ ಸೇರಿಸಬೇಕು. ಊಟದ ಬಿಡುವಿನಲ್ಲಿ ಇದನ್ನು ಎಷ್ಟು ಸಲ ಮಾಡಿಸಿದ್ದೆನೆಂದರೆ ಹಿಂದಿನವಳು ನಿದ್ದೆಯಲ್ಲಿ ಗಂಡನ ಭುಜ ತಟ್ಟುತ್ತಿದ್ದಳಂತೆ. ಮ್ಯಾನೇಜರ್ ಯಾವತ್ತಾದರೂ ಸೈರನ್ ಹಾಕಲಿ, ನೋಡೋಣ ಎಂದು ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ಸೈರನ್ ಆದದ್ದು ಒಂದು ಬೆಳಿಗ್ಗೆ, ಟೀ ಮುಗಿದ ಸ್ವಲ್ಪ ಹೊತ್ತಿಗೆ. ಎಲ್ಲ ಮೆಷಿನ್ನೂ ಒಟ್ಟಿಗೆ ನಿಂತವು. ನಾನು ಮೊದಲು ನೋಡಿದ್ದು ಅವಳ ಜಾಗವನ್ನೇ. ಸ್ಟೂಲು ಖಾಲಿ ಇತ್ತು. ಹಿಂದಿನವಳು ತಟ್ಟಲು ಭುಜವೇ ಇಲ್ಲದೆ ಕೈ ಎತ್ತಿಕೊಂಡು ನಿಂತಿದ್ದಳು. “ಟಾಯ್ಲೆಟ್‌ಗೆ ಹೋದಳು ಮೇಡಮ್, ಈಗ್ತಾನೆ,” ಎಂದಳು.

ಸ್ಟೂಲಿನ ಮೇಲೆ ಕೂತವಳಿಗೆ ಮಾತ್ರ ನಾನು ವ್ಯವಸ್ಥೆ ಮಾಡಿದ್ದೆ. ಅವಳೂ ಎಲ್ಲರ ಹಾಗೆ ಎದ್ದು ಓಡಾಡುವವಳು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಲೈನನ್ನು ಮುಂದಿನ ಮೆಟ್ಟಿಲಿಗೆ ಕಳಿಸಿ ನಾನು ಹಿಂದಕ್ಕೆ ಓಡಿದೆ. ಹಿಂದಕ್ಕೆ ಯಾರೂ ಹೋಗಬಾರದು ಎಂಬುದು ಡ್ರಿಲ್ಲಿನ ಮೊದಲ ನಿಯಮ, ಎಲ್ಲರಿಗೂ ಅದನ್ನು ಬಾಯಿಪಾಠ ಮಾಡಿಸಿದವಳು ನಾನೇ. ಟಾಯ್ಲೆಟ್ಟಿನ ಮೂರು ಬಾಗಿಲುಗಳಲ್ಲಿ ಎರಡು ತೆರೆದಿದ್ದವು, ಒಂದು ಮುಚ್ಚಿತ್ತು. ಮುಚ್ಚಿದ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. “ಬಾರೇ ತಾಯಿ ಆಚೆಗೆ, ಸೈರನ್ ಆಗೈತೆ, ಬಾರೇ,” ಎಂದು ಕಿರುಚಿದೆ. ಎಷ್ಟು ಕಿರುಚಿದೆನೆಂದರೆ ಕೆಳಗೆ ಅಂಗಳದಲ್ಲಿ ನಿಂತವರಿಗೂ ಕೇಳಿಸಿತಂತೆ. ಕಿವಿ ಕೇಳಿಸದವಳನ್ನು ಕೂಗಿ ಕರೆಯುತ್ತಿದ್ದೇನೆ ಎಂದು ನನಗೇ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಣ್ಣಿಗೆ ಬಿತ್ತು, ಬಾಗಿಲಿಗೆ ಹೊರಗಿನಿಂದ ಬೀಗವಿದೆ. ನಲ್ಲಿ ಕೆಟ್ಟಿದೆಯೆಂದು ಹಿಂದಿನ ತಿಂಗಳು ನಾನೇ ಹಾಕಿಸಿದ ಬೀಗ.

ಹಿಂದಿನ ಮೆಟ್ಟಿಲಲ್ಲಿ ಇಳಿದೆ. ಎಲ್ಲ ಹೋಯಿತು, ಇವತ್ತೇ ವ್ಯಾನಿನಲ್ಲಿ ವಾಪಸ್ ಕಳಿಸಬೇಕು, ಆ ತಾಯಿಗೆ ಏನು ಹೇಳಲಿ ಎಂದು ಅಳು ಬರುತ್ತಿತ್ತು.

ಅಂಗಳದಲ್ಲಿ ನಮ್ಮ ಲೈನು ನೆಟ್ಟಗೆ ನಿಂತಿತ್ತು. ಹುಡುಗಿ ಸಾಲಿನಲ್ಲಿರಲಿಲ್ಲ. ಅವಳು ಮ್ಯಾನೇಜರರ ಅಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು. ಇನ್ನೊಂದು ಕೈಯನ್ನು ಬಾಯಿಯ ಹತ್ತಿರ ತೆರೆದು ಮುಚ್ಚಿ, ಮಹಡಿಯ ಕಡೆ ತೋರಿಸುತ್ತಿದ್ದಳು. ಅದು ನನ್ನ ಹೆಸರು. ಮ್ಯಾನೇಜರ್ ಇನ್ನೂ ತಲೆ ಎಣಿಸುತ್ತಿದ್ದಾಗಲೇ, ಒಬ್ಬರು ಮೇಲಿದ್ದಾರೆ ಎಂದು ಅವರಿಗೆ ಮೊದಲು ಹೇಳಿದವಳು ಅವಳೇ ಎಂದು ಶಿರಾದಾಕೆ ಆಮೇಲೆ ಹೇಳಿದಳು.

ನನ್ನನ್ನು ಕಂಡವಳೇ ಓಡಿ ಬಂದು ರಟ್ಟೆ ಹಿಡಿದುಕೊಂಡಳು. ಮೇಲಿಂದ ಕೆಳಗೆ ನೋಡಿದಳು, ಎಲ್ಲ ನೆಟ್ಟಗಿದೆಯೇ ಎನ್ನುವ ಹಾಗೆ. ಆಮೇಲೆ ಹಣೆಗೆ ಅಂಗೈ ಬಡಿದುಕೊಂಡಳು. ಇಷ್ಟು ಜನರ ಮುಂದೆ ಅವಳಿಂದ ಬೈಸಿಕೊಂಡು ನಾನು ಅತ್ತೆ, ನಕ್ಕೆ, ಎರಡೂ.

ಅವಳಿಗೆ ಹೇಗೆ ಗೊತ್ತಾಯಿತು ಎಂದು ಮ್ಯಾನೇಜರ್ ಕೇಳಿದರು. ನಾನು ಎದುರು ನಿಂತು ಕೈಯಲ್ಲಿ ಕೇಳಿದೆ. ಅವಳು ತನ್ನ ಬರಿಗಾಲನ್ನು ತೋರಿಸಿದಳು. ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟೇ ಕೆಲಸ ಮಾಡುವುದು. ಅಂಗೈಯನ್ನು ನೆಲದ ಹಾಗೆ ಚಾಚಿ ಗಡಗಡ ನಡುಗಿಸಿದಳು, ಥಟ್ಟನೆ ನಿಲ್ಲಿಸಿದಳು. ಆಮೇಲೆ ಒಂದೊಂದೇ ಬೆರಳು ಎತ್ತಿ ಹತ್ತರವರೆಗೆ ಎಣಿಸಿ ಇಲ್ಲವೆಂದು ತಲೆಯಾಡಿಸಿದಳು. ಕರೆಂಟು ಹೋದರೆ ಹತ್ತು ಎಣಿಸುವಷ್ಟರಲ್ಲಿ ನಮ್ಮ ಜನರೇಟರ್ ಹತ್ತಿಕೊಂಡು ಮೆಷಿನ್ನುಗಳು ಓಡುತ್ತವೆ. ಅವತ್ತು ಹತ್ತು ಎಣಿಸಿದರೂ ನೆಲ ನಡುಗಲಿಲ್ಲ. ಊಟದ ಹೊತ್ತೂ ಅಲ್ಲ. ಪಕ್ಕದಲ್ಲೇ ಇದ್ದ ಹಿಂದಿನ ಮೆಟ್ಟಿಲು ಇಳಿದು ಬಂದುಬಿಟ್ಟಿದ್ದಳು. ನಾನು ಅಲ್ಲಿಗೆ ಓಡುವಷ್ಟರಲ್ಲಿ ಅವಳು ಅಂಗಳದಲ್ಲಿದ್ದಳು.

ಮ್ಯಾನೇಜರ್ ರಿಜಿಸ್ಟರ್ ತೆರೆದು ಪೆನ್ನು ಹಿಡಿದು ನನ್ನನ್ನು ನೋಡಿದರು. “ಮೇಡಮ್, ಮೇಲೆ ಉಳ್ಕಂಡಿದ್ದು ನೀವೊಬ್ರೇ. ಏನ್ ಬರ್ಕಳ್ಳಲಿ?”

“ಇದ್ದಿದ್ನೇ ಬರ್ಕಳಿ ಸಾರ್. ಅವಳದ್ದೂ ಇವತ್ತೇ ಬರೀರಿ, ಕಾಯಂ ಅಂತ.”

ಅವರು ಎರಡನ್ನೂ ಬರೆದರು. ನಲವತ್ತು ಜನ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿದರು, ನಮ್ಮ ಲೈನಿನ ಚಪ್ಪಾಳೆ ಅದು. ಅವತ್ತು ನನಗಾದ ಹೆಮ್ಮೆ ಸೂಪರ್‌ವೈಸರ್ ಮಾಡಿದ ದಿನವೂ ಆಗಿರಲಿಲ್ಲ.

ನನ್ನ ಇಷ್ಟು ವರ್ಷದ ಕೆಲಸದಲ್ಲಿ ರಿಜಿಸ್ಟರಿನಲ್ಲಿ ನನ್ನ ಮೇಲಿರುವುದು ಅದೊಂದೇ ತಪ್ಪು. ಹೊಸ ಸೂಪರ್‌ವೈಸರ್ ಯಾರೇ ಬಂದರೂ ಆ ಪುಟ ತೆಗೆದು ತೋರಿಸುತ್ತೇನೆ. ಟಾಯ್ಲೆಟ್ಟಿನ ಗೋಡೆಗೆ ಈಗ ಸೈರನ್ ಜೊತೆ ಹೊತ್ತಿಕೊಳ್ಳುವ ಕೆಂಪು ದೀಪವಿದೆ, ಮ್ಯಾನೇಜರ್ ತಾವಾಗಿಯೇ ಹಾಕಿಸಿದ್ದು. ಅವಳ ಹಿಂದೆ ಇನ್ನಿಬ್ಬರು ಕಿವಿ ಕೇಳಿಸದವರು ನಮ್ಮ ಲೈನಿಗೆ ಬಂದಿದ್ದಾರೆ. ಅವರಿಗೆ ಕೆಲಸ ಕಲಿಸುವವಳು ಅವಳೇ.

ಪ್ರತಿ ಡ್ರಿಲ್ಲಿನಲ್ಲೂ ಅವಳು ಸಾಲಿಗೆ ಸೇರುವ ಮೊದಲು ನನ್ನ ಟೇಬಲ್ ಹತ್ತಿರ ಬಂದು ಎರಡು ಸಲ ಭುಜ ತಟ್ಟುತ್ತಾಳೆ. ಸೈರನ್ ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ಅವಳು ಬಂದು ತಟ್ಟುವವರೆಗೆ ನಾನು ಏಳುವುದಿಲ್ಲ.