ಅಪ್ಪನಿಗೊಂದು ಎಲೆ

ಭವ್ಯ ಈಗ ಕಾಲೇಜು ಹುಡುಗಿ. ಆದರೂ ಯಾರ ಮನೆಗೆ ಹೋಗಲಿ, ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಾಳೆ. ‘ನಡಿ’ ಎಂದರೆ ಏಳಲು ಸುಲಭವಂತೆ. ಎಂಟು ವರ್ಷದವಳಿದ್ದಾಗ ಅಂಟಿದ ಚಾಳಿ, ಬಿಡೆಂದರೆ ಬಿಡುತ್ತದೆಯೇ?

ಅಪ್ಪ ಪ್ರೇಮ್‌ಕುಮಾರ್ ತೀರಿಕೊಂಡ ಕೆಲವು ವರ್ಷಕ್ಕೆ ಅಮ್ಮ ಸುಕನ್ಯ ಹೊಸ ತಿಪ್ಪಸಂದ್ರದ ವಸಂತನನ್ನು ಮದುವೆಯಾದಳು. ಅವನಿಗೂ ಹೆಂಡತಿ ತೀರಿಹೋಗಿದ್ದಳು. ದೀಪು ಎಂಬ ಮಗನಿದ್ದ. ಕೆ.ಆರ್. ಪುರದ ಬಾಡಿಗೆ ಮನೆ ಬಿಡುವ ದಿನ ಪಕ್ಕದ ಮನೆಯ ವೆಂಕಟಮ್ಮ, ಆ ಪುಣ್ಯಾತ್ಗಿತ್ತಿ, ಮಗುವಿನ ಕಿವಿಯಲ್ಲಿ ಊದಿದ್ದಳು: “ಹೊಸ ಮನೇಲಿ ಸತ್ತೋನ ಹೆಸ್ರು ಎತ್ಬೇಡ ಕಣೆ. ಎತ್ತಿದ್ರೆ ನಿನ್ನ ಹಾಸ್ಟೆಲ್‌ಗೆ ಹಾಕ್ಬಿಡ್ತಾರೆ. ನಿಮ್ಮಮ್ಮ ಮಾತ್ರ ಅಲ್ಲೇ ಇರ್ತಾಳೆ.”

ಅಷ್ಟೇ ಸಾಕಾಯಿತು. ಲೋಟ ಕೈಜಾರಿದರೂ ಹಾಸ್ಟೆಲ್, ಜ್ವರ ಬಂದರೂ ಹಾಸ್ಟೆಲ್. ಗೇಟಿನಲ್ಲಿ ವಸಂತನ ಸ್ಕೂಟರ್ ಸದ್ದು ಕೇಳಿದರೆ ಹುಡುಗಿ ಅಡುಗೆಮನೆ ಸೇರುತ್ತಿದ್ದಳು. ಆ ಮನುಷ್ಯ ಗದರಿದವನೂ ಅಲ್ಲ, ಮುದ್ದು ಮಾಡಿದವನೂ ಅಲ್ಲ, ಮಾತೇ ಕಡಿಮೆ. ಮಾತಾಡದ ದೊಡ್ಡವರೆಂದರೆ ಮಕ್ಕಳಿಗೆ ಇನ್ನೂ ಭಯ.

ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡ ಹಿರಿಯರಿಗೆ ಎಡೆ ಇಡುವ ದಿನ. ವಸಂತನ ತಾಯಿ ಮುನಿಶಾಮಮ್ಮ ಕೋಣೆ ತೊಳೆಸಿ, ಗಂಡ ಮುನಿಆಂಜನಪ್ಪನ ಫೋಟೊ ಮುಂದೆ ಹೊಸ ಪಂಚೆ, ದೀಪುವಿನ ತಾಯಿಯ ಫೋಟೊ ಮುಂದೆ ಹೊಸ ಸೀರೆ ಇಟ್ಟರು. ಎಲೆ ತುಂಬ ಮುದ್ದೆ, ಕೋಳಿಸಾರು, ವಡೆ. ಬಡಿಸಿ ಬಾಗಿಲು ಮುಚ್ಚಿದರೆ ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ.

“ನಮ್ಮಮ್ಮ ಇವತ್ತು ಬರ್ತಾಳೆ, ಗೊತ್ತಾ?” ಎಂದು ದೀಪು ಜಂಬ ಕೊಚ್ಚಿದ.

ಭವ್ಯಳಿಗೆ ಅಪ್ಪ ನೆನಪಾದ. ಅಪ್ಪನಿಗೆ ಈ ಮನೆ ವಿಳಾಸವೇ ಗೊತ್ತಿಲ್ಲವಲ್ಲ! ಬಾಗಿಲು ಮುಚ್ಚುವ ಮೊದಲು ಜೀವ ಕೈಯಲ್ಲಿ ಹಿಡಿದು ಒಳನುಗ್ಗಿ, ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಅಪ್ಪನ ಪುಟ್ಟ ಫೋಟೊವನ್ನು ಸೀರೆಯ ಮಡಿಕೆಗೆ ಸಿಕ್ಕಿಸಿ ಬಂದಳು.

ಸ್ವಲ್ಪ ಹೊತ್ತಿಗೆ ಮುನಿಶಾಮಮ್ಮ ಕೆಮ್ಮಿ, ಕದ ತಟ್ಟಿ ಬಾಗಿಲು ತೆರೆದರು. ಮೊದಲು ಕಂಡದ್ದು ದೀಪುವಿಗೆ.

“ಅಜ್ಜೀ, ಎಲೆ ಮೇಲೆ ಯಾರೋ ಬಂದ್ಬಿಟ್ಟವ್ರೆ!”

ಫೋಟೊ ಜಾರಿ ಮುದ್ದೆಗೆ ಒರಗಿ ನಿಂತಿತ್ತು. ಸುಕನ್ಯ ಬಾಗಿಲಲ್ಲೇ ಕಲ್ಲಾದಳು. ಮುನಿಶಾಮಮ್ಮ ಫೋಟೊ ಎತ್ತಿ ಸೆರಗಿನಿಂದ ಒರೆಸಿ ಭವ್ಯಳ ಕಡೆ ತಿರುಗಿದರು. ಅವರಿಗೆ ಅವರದೇ ಭಯ.

“ಕರೆದ್ಬಿಟ್ಟು ಎಲೆ ಹಾಕ್ದೆ ಇರ್ತಾರೇನೇ? ಹಸ್ಕೊಂಡು ಹೋದ್ರೆ ಮನೆಗೆ ಒಳ್ಳೇದಾಗುತ್ತಾ? ಏನಿಷ್ಟ ನಿಮ್ಮಪ್ಪಂಗೆ, ಹೇಳು.”

ಭವ್ಯ ಬಾಯಿ ತೆರೆದಳು. ಅಪ್ಪನಿಗೆ ಏನಿಷ್ಟ ಎಂಬುದೇ ಮರೆತುಹೋಗಿತ್ತು. ಅದುವರೆಗಿನ ಭಯವೆಲ್ಲ ಒಂದು ತೂಕ, ಇದೇ ಒಂದು ತೂಕ. ಹುಡುಗಿ ಬಿಕ್ಕತೊಡಗಿದಳು.

“ಮೀನು,” ಎಂದಳು ಸುಕನ್ಯ, ನೆಲ ನೋಡುತ್ತಾ. “ಹುರಿದಿದ್ದು.”

ವಸಂತ ಗೋಡೆಯ ಮೊಳೆಯಿಂದ ಸ್ಕೂಟರ್ ಕೀ ತೆಗೆದ. “ನಡಿ,” ಎಂದ ಭವ್ಯಳಿಗೆ.

ಬಂತಲ್ಲಪ್ಪಾ ಆ ಗಳಿಗೆ! ಅಮ್ಮನ ಮುಖ ನೋಡುವ ಧೈರ್ಯವೂ ಅವಳಿಗಿರಲಿಲ್ಲ.

“ಅಂಕಲ್, ಬಟ್ಟೆ ಎಲ್ಲಾ ತಗೋಬೇಕಾ?”

“ಬಟ್ಟೆ ಯಾಕೆ?” ವಸಂತನಿಗೆ ಅರ್ಥವಾಗಲಿಲ್ಲ. “ಚೀಲ ತಗೋ ಸಾಕು. ಯಾವ ಮೀನು ಅಂತ ನಿಮ್ಮಮ್ಮನ್ನ ಕೇಳ್ಕೊಂಡು ಬಾ.”