ಗೋಡೆಯಾಚೆಯ ತೇವ

ಕದ್ರಿಯಲ್ಲಿ ನಮ್ಮ ಮನೆಗೂ ಗಂಡನ ಅಣ್ಣನ ಮನೆಗೂ ನಡುವೆ ಒಂದು ಗೋಡೆ ಮಾತ್ರ. ಎರಡೂ ಕಡೆ ಅದೇ ಮುರಕಲ್ಲಿನ ಮಣ್ಣು. ಎಷ್ಟು ನೀರು ಹೊಯ್ದರೂ ಕುಡಿದು, ಮತ್ತೆ ಒಣಗಿ ಕೂರುವಂಥದ್ದು. ಈ ಬೇಸಿಗೆಯಲ್ಲಿ ನಳ್ಳಿ ನೀರು ಬಂದದ್ದೇ ದಿನ ಬಿಟ್ಟು ದಿನ. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ನನ್ನ ಮಲ್ಲಿಗೆ ಗಿಡಕ್ಕೆ ಹೊಯ್ದೆ. ಆದರೂ ಅದು ಒಣಕಡ್ಡಿಯಾಯಿತು. ಓರಗಿತ್ತಿಯ ಗಿಡ ಮಾತ್ರ ಗೋಡೆಯ ಮೇಲಿಂದ ಬಗ್ಗಿ, ನನಗೆ ಕಾಣುವ ಹಾಗೆಯೇ ಹೂ ಬಿಡುತ್ತಿತ್ತು. ಗುಟ್ಟಾಗಿ ಟ್ಯಾಂಕರ್ ತರಿಸುತ್ತಾರೆಂದು ಗಂಡನ ಹತ್ತಿರ ಹೇಳಿಯೂ ಆಯಿತು.

ಒಂದು ಬೆಳಿಗ್ಗೆ ಆಚೆ ಮನೆಯವರು ದೇವಸ್ಥಾನಕ್ಕೆ ಹೊರಟದ್ದೇ ತಡ, ಹೋಗಿ ಆ ಗಿಡದ ಬುಡಕ್ಕೆ ಬೆರಳು ತೂರಿಸಿದೆ. ಮಣ್ಣು ತಣ್ಣಗೆ ಬೆರಳಿಗೆ ಅಂಟಿತು. ನನ್ನ ಹೊಟ್ಟೆ ಉರಿಯಿತು.

“ಎಂತ ಮಾಡ್ತಾ ಇದ್ದೀ?”

ಕೊಡೆ ಮರೆತು ವಾಪಸು ಬಂದ ಓರಗಿತ್ತಿ ಹಿಂದೆಯೇ ನಿಂತಿದ್ದರು. ಆ ಗಳಿಗೆಗೆ ಸುಳ್ಳೂ ಹೊಳೆಯಲಿಲ್ಲ.

“ಇಷ್ಟು ನೀರು ಎಲ್ಲಿಂದ ಅಕ್ಕ?”

“ನೀರೆಲ್ಲಿ ಉಂಟು ಮಾರಾಯ್ತಿ? ಅಕ್ಕಿ ತೊಳೆದದ್ದೇ ಹಾಕ್ತೇನೆ. ಬುಡದಲ್ಲಿ ತೆಂಗಿನ ಸಿಪ್ಪೆ ಹೂತಿದ್ದೇನಲ್ಲ, ಅದು ಹಿಡಿದಿಟ್ಟುಕೊಳ್ತದೆ. ನೀನೇ ಕೊಟ್ಟದ್ದಲ್ವಾ, ಗೋಣಿಯಲ್ಲಿ ತುಂಬಿಸಿ?”

ಹೌದು. ಗೀಸರ್ ಬಂದ ಮೇಲೆ ಬಚ್ಚಲೊಲೆಗೆ ಬೇಡವಾದ ಸಿಪ್ಪೆಯನ್ನೆಲ್ಲ, ಅಂಗಳ ಚೊಕ್ಕವಾಗಲೆಂದು ನಾನೇ ಗೋಡೆ ದಾಟಿಸಿದ್ದೆ.

ಸಂಜೆ ಅವರು ಬಾಳೆಲೆಯಲ್ಲಿ ಸುತ್ತಿ ಒಂದು ಚೆಂಡು ಮಲ್ಲಿಗೆ ಕಳುಹಿಸಿದರು. ಬೇಡವೆನ್ನಲಾಗದೆ ಮುಡಿದೆ. ಬೇಗ ಬಾಡಲಿ ಎಂದು ಕಾದೆ. ಬಾಡಲಿಲ್ಲ.